ಆಸ್ಪತ್ರೆಯಲ್ಲೇ ಹೆರಿಗೆ ಆದರೂ ತಾಯಂದಿರು ಸಾಯುವುದು ಯಾಕೆ?

ಕರ್ನಾಟಕದಲ್ಲಿ ಮನೆಯಲ್ಲಿ ಹೆರಿಗೆ ಆಗುವುದು ಈಗ ತೀರಾ ಅಪರೂಪ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗಿವೆ. ಹಾಗಾದರೆ ತಾಯಂದಿರ ಸಾವು ಹೆಚ್ಚೂಕಡಿಮೆ ನಿಂತೇ ಹೋಗಬೇಕಿತ್ತು ಅಲ್ವಾ? ಕಡಿಮೆ ಆಗಿದೆ, ನಿಜ. ಆದರೆ ಅಕ್ಕಪಕ್ಕದ ರಾಜ್ಯಗಳನ್ನು ನೋಡಿದರೆ ಸಮಾಧಾನ ಆಗುವುದಿಲ್ಲ. 2018–20ರ ಲೆಕ್ಕದಲ್ಲಿ ಒಂದು ಲಕ್ಷ ಮಕ್ಕಳು ಹುಟ್ಟಿದರೆ ಕೇರಳದಲ್ಲಿ 19 ತಾಯಂದಿರು ತೀರಿಕೊಂಡರು. ತೆಲಂಗಾಣದಲ್ಲಿ 43, ಆಂಧ್ರದಲ್ಲಿ 45, ತಮಿಳುನಾಡಿನಲ್ಲಿ 54. ನಮ್ಮಲ್ಲಿ 69. 2019–21ರ ಲೆಕ್ಕದಲ್ಲಿ ಅದು 63ಕ್ಕೆ ಇಳಿಯಿತು. ಆದರೂ ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಜಾಸ್ತಿ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಇಡೀ ರಾಜ್ಯ ಬೆಚ್ಚಿಬಿತ್ತು. ಮಾತೆಲ್ಲ ಅವರಿಗೆ ಹಾಕಿದ ಡ್ರಿಪ್ ಬಾಟಲಿಯ ಗುಣಮಟ್ಟದ ಸುತ್ತ ನಡೆಯಿತು. ನಡೆಯಲೇಬೇಕಿತ್ತು. ಆಮೇಲೆ ಆ ವರ್ಷದ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ ಆದ ತಾಯಂದಿರ ಸಾವುಗಳನ್ನು ಸರ್ಕಾರ ಪರಿಶೀಲಿಸಿತು. ಅದರಲ್ಲಿ ಹೊರಬಿದ್ದ ವಿಷಯ ಬಾಟಲಿಗಿಂತ ದೊಡ್ಡದು. ನೂರಕ್ಕೆ 70ಕ್ಕಿಂತ ಹೆಚ್ಚು ಸಾವುಗಳನ್ನು ತಪ್ಪಿಸಬಹುದಿತ್ತು.

ತಪ್ಪಿಸುವುದಿದ್ದರೆ ಎಲ್ಲಿ ತಪ್ಪಿಸಬೇಕಿತ್ತು? ಚಿಕ್ಕಮಗಳೂರು, ಹಾಸನದ ಕಾಫಿ ಸೀಮೆಯಲ್ಲಿ ನಿಂತು ನೋಡಿದರೆ ಉತ್ತರ ಆಸ್ಪತ್ರೆಯ ಬಾಗಿಲಿಗಿಂತ ಬಹಳ ಹಿಂದೆ ಶುರುವಾಗುತ್ತದೆ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ಇರುತ್ತದೆ. ಅಪಾಯ ಜಾಸ್ತಿ ಇರುವವರ ಕಾರ್ಡಿಗೆ ಕೆಂಪು ಸ್ಟಿಕ್ಕರ್ ಅಂಟಿಸುತ್ತಾರೆ. ಬಿಪಿ ಏರಿದರೆ, ರಕ್ತ ತೀರಾ ಕಡಿಮೆ ಇದ್ದರೆ, ಹಿಂದೆ ಸಿಸೇರಿಯನ್ ಆಗಿದ್ದರೆ, ಅವಳಿ ಮಕ್ಕಳಿದ್ದರೆ ಸ್ಟಿಕ್ಕರ್ ಬೀಳುತ್ತದೆ. ಒಳ್ಳೆಯ ವ್ಯವಸ್ಥೆ. ಆದರೆ ಒಬ್ಬ ಹೆಣ್ಣುಮಗಳು ಕಳಸದ ಆಚೆ ಯಾವುದೋ ತೋಟದ ಕೂಲಿಯವರ ಲೈನ್ ಮನೆಯಲ್ಲಿದ್ದಾಳೆ, ಅವಳಿಗೆ ದಿನ ತುಂಬುವುದು ಜುಲೈ ಕೊನೆಯಲ್ಲಿ, ಜೋರು ಮಳೆಯ ನಡುವೆ ಅಂದುಕೊಳ್ಳಿ. ಅದಕ್ಕೆ ಯಾವ ಸ್ಟಿಕ್ಕರ್ ಇದೆ? ನನ್ನ ಮಟ್ಟಿಗೆ ಅದು ಬಿಪಿಯಷ್ಟೇ ದೊಡ್ಡ ಅಪಾಯ.

ಮೊದಲು ರಕ್ತಹೀನತೆಯ ವಿಷಯಕ್ಕೆ ಬರೋಣ. ಉಳಿದ ಎಲ್ಲ ತೊಂದರೆಗಳಿಗೂ ಬಲ ಕೊಡುವುದು ಇದೇ. ‘ರಕ್ತ ಸ್ವಲ್ಪ ಕಡಿಮೆ ಇದೆಯಂತೆ’ ಅಂತ ನಮ್ಮ ಕಡೆ ಹೆಂಗಸರು ಎಷ್ಟು ಸಲೀಸಾಗಿ ಹೇಳಿಬಿಡುತ್ತಾರೆ! ಬಸುರಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. 7ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. 2019–21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಬಸುರಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಜನರಿಗೆ ರಕ್ತಹೀನತೆ ಇದೆ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲೂ ಹೆಚ್ಚೂಕಡಿಮೆ ಇಷ್ಟೇ ಇತ್ತು. ವರ್ಷಗಟ್ಟಲೆ ಮಾತ್ರೆ ಹಂಚಿದರೂ ಕದಲಲಿಲ್ಲ.

ಇದು ಕೊಲ್ಲುವುದು ಹೇಗೆ? ಹೆರಿಗೆ ಆದಮೇಲೆ ರಕ್ತ ಹೋಗುವುದು ಸಹಜ. ಅರ್ಧ ಲೀಟರ್ ದಾಟಿದರೆ ಅದನ್ನು ಅತಿಯಾದ ರಕ್ತಸ್ರಾವ ಅನ್ನುತ್ತಾರೆ. ಮೈಯಲ್ಲಿ ಒಳ್ಳೆ ರಕ್ತ ಇರುವವಳು ಅಷ್ಟು ಹೋದರೂ ಸಾಮಾನ್ಯವಾಗಿ ತಡೆದುಕೊಳ್ಳುತ್ತಾಳೆ. ಹಿಮೋಗ್ಲೋಬಿನ್ 6–7 ಇರುವವಳ ಹೃದಯ ಆಗಲೇ ಏದುಸಿರು ಬಿಡುತ್ತಾ ದುಡಿಯುತ್ತಿರುತ್ತದೆ. ಅಷ್ಟೇ ರಕ್ತ ಹೋದರೂ ಅವಳು ಕುಸಿಯುತ್ತಾಳೆ. ಸೋಂಕು ಬೇಗ ಹತ್ತುತ್ತದೆ. ಮಗುವಿಗೂ ಪೆಟ್ಟು. ಎರಡೂವರೆ ಕೆಜಿಗಿಂತ ಕಡಿಮೆ ತೂಕದ ಮಗು ಹುಟ್ಟುವುದು, 37 ವಾರ ತುಂಬುವ ಮೊದಲೇ ಹೆರಿಗೆ ಆಗುವುದು, ಹೊಟ್ಟೆಯಲ್ಲೇ ಮಗು ತೀರಿಕೊಳ್ಳುವುದು, ಇವೆಲ್ಲ ರಕ್ತ ಕಡಿಮೆ ಇರುವ ತಾಯಂದಿರಲ್ಲಿ ಜಾಸ್ತಿ.

ಕಬ್ಬಿಣದ ಮಾತ್ರೆಯನ್ನು 180 ದಿನ ನುಂಗಬೇಕು. ಪುಕ್ಕಟೆ ಸಿಗುತ್ತದೆ. ಆದರೂ ಎಷ್ಟೋ ಮನೆಗಳಲ್ಲಿ ಅದು ಡಬ್ಬಿಯಲ್ಲೇ ಉಳಿಯುತ್ತದೆ. ವಾಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ, ಮಲಬದ್ಧತೆ ಆಗುತ್ತದೆ. ಇದು ಮಾತ್ರೆಯಿಂದ ಆಗುವ ಸಹಜ ಬದಲಾವಣೆ, ಹೆದರಬೇಡಮ್ಮ ಅಂತ ಯಾರೂ ಕೂತು ಹೇಳಿರುವುದಿಲ್ಲ. ಇನ್ನೊಂದು ವಿಷಯ ನಮ್ಮ ಸೀಮೆಗೇ ಸೇರಿದ್ದು. ಬೆಳಿಗ್ಗೆ ಎದ್ದರೆ ಕಾಫಿ, ತೋಟಕ್ಕೆ ಹೊರಡುವಾಗ ಕಾಫಿ, ಊಟ ಆದಮೇಲೆ ಕಾಫಿ. ಊಟದ ಜೊತೆಗೋ ಮಾತ್ರೆಯ ಜೊತೆಗೋ ಕಾಫಿ, ಟೀ ಕುಡಿದರೆ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕಾಫಿ ಬಿಡಿ ಅಂತ ಕಾಫಿ ಸೀಮೆಯಲ್ಲಿ ಹೇಳಿದರೆ ಯಾರು ಕೇಳುತ್ತಾರೆ? ಬಿಡುವುದೂ ಬೇಕಿಲ್ಲ. ಮಾತ್ರೆಗೂ ಕಾಫಿಗೂ ಒಂದೆರಡು ಗಂಟೆ ಅಂತರ ಇಟ್ಟು, ಮಾತ್ರೆಯನ್ನು ನಿಂಬೆ ಹಣ್ಣಿನ ಪಾನಕದ ಜೊತೆ ತೆಗೆದುಕೊಂಡರೆ ಸಾಕು. ಜೊತೆಗೆ ಕೊಕ್ಕೆಹುಳ. ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡುವವರ ಚರ್ಮದ ಮೂಲಕ ಇದು ಒಳಗೆ ಹೋಗುತ್ತದೆ. ಕರುಳಿಗೆ ಕಚ್ಚಿಕೊಂಡು ದಿನವೂ ರಕ್ತ ಹೀರುತ್ತದೆ. ಮಲೆನಾಡಿನ ತೋಟದ ನೆಲ ಅದಕ್ಕೆ ಹೇಳಿ ಮಾಡಿಸಿದ ಜಾಗ. ಅದಕ್ಕೇ ಮೊದಲ ಮೂರು ತಿಂಗಳು ಕಳೆದ ಮೇಲೆ ಜಂತುಹುಳದ ಮಾತ್ರೆ ಕೊಡುವುದು.

ತಿನ್ನುವ ವಿಷಯಕ್ಕೂ ಇದಕ್ಕೂ ನೇರ ಸಂಬಂಧ ಇದೆ. ಜಾಸ್ತಿ ತಿಂದರೆ ಮಗು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತೆ ಅಂತ ಈಗಲೂ ಅತ್ತೆಯಂದಿರು ಹೇಳುವುದುಂಟು. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದಿದ್ದನ್ನು ತಿನ್ನುವುದೂ ಹೋಗಿಲ್ಲ. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲೇ ಬಿಸಿ ಊಟ, ಮೊಟ್ಟೆ, ಹಾಲು ಕೊಡುವ ಏರ್ಪಾಡು ಬಂತು. ಊರೊಳಗೆ ಅಂಗನವಾಡಿ ಇದ್ದವರಿಗೆ ದೊಡ್ಡ ಉಪಕಾರ. ಒಂಟಿ ಮನೆಗಳ ಮಲೆನಾಡಿನಲ್ಲಿ, ಎಂಟು ತಿಂಗಳ ಬಸುರಿ ಏರು ಹತ್ತಿ, ಹಳ್ಳ ದಾಟಿ, ಊಟಕ್ಕೆ ಹೋಗಿ ಬರಬೇಕು ಅಂದರೆ? ಮತ್ತೆ ಎಲೆ ಅಡಿಕೆ. ಬರೀ ಎಲೆ ಅಡಿಕೆ ಅಲ್ಲ, ಅದರ ಜೊತೆಗಿನ ಹೊಗೆಸೊಪ್ಪು. ಬೀಡಿ ಸೇದಬೇಡ ಅಂತ ಬಸುರಿಗೆ ಯಾರಾದರೂ ಹೇಳುತ್ತಾರೆ. ಹೊಗೆಸೊಪ್ಪು ಅಗಿಯುವುದರಿಂದಲೂ ಮಗುವಿನ ತೂಕ ಇಳಿಯುತ್ತದೆ, ಹೆರಿಗೆ ಮುಂಚೆ ಆಗುವ ಸಂಭವ ಏರುತ್ತದೆ ಅನ್ನುವುದು ಹೆಚ್ಚಿನವರಿಗೆ ಗೊತ್ತೇ ಇಲ್ಲ.

ಬಿಪಿ ಮತ್ತು ಶುಗರ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಐದು ತಿಂಗಳು ಕಳೆದಮೇಲೆ ಬಿಪಿ 140/90 ಮುಟ್ಟಿದರೆ ಎಚ್ಚರ. ಬಸುರಿಗೆ ಕಾಲು ಊದುವುದು ಇದ್ದದ್ದೇ ಅಂತ ಹಿರಿಯರು ಹೇಳುತ್ತಾರೆ. ಬಹಳ ಸಲ ಅದು ಸರಿ. ಆದರೆ ಊತದ ಜೊತೆ ಬಿಡದ ತಲೆನೋವು, ಕಣ್ಣು ಮಂಜು, ಎದೆಗೂಡಿನ ಕೆಳಗೆ ನೋವು ಬಂದರೆ ಮುಂದಿನ ಹಂತ ಫಿಟ್ಸ್ ಆಗಬಹುದು. ಮೆಗ್ನೀಸಿಯಂ ಸಲ್ಫೇಟ್ ಅನ್ನುವ ಅಗ್ಗದ ಇಂಜೆಕ್ಷನ್ ಆ ಫಿಟ್ಸ್ ಅಪಾಯವನ್ನು ಅರ್ಧಕ್ಕೆ ಇಳಿಸುತ್ತದೆ ಅಂತ 2002ರಲ್ಲೇ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನ ತೋರಿಸಿದೆ. ಬಿಪಿ ತೊಂದರೆ ಬರುವ ಸಂಭವ ಜಾಸ್ತಿ ಇರುವವರಿಗೆ ವೈದ್ಯರು ಕಡಿಮೆ ಡೋಸ್‌ನ ಆಸ್ಪಿರಿನ್ ಕೊಡುತ್ತಾರೆ. ನಾಲ್ಕು ತಿಂಗಳು ತುಂಬುವುದರೊಳಗೆ ಶುರು ಮಾಡಿದರೆ ಅದರಿಂದ ಹೆಚ್ಚು ಲಾಭ. ಶುಗರ್‌ಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವ ಪರೀಕ್ಷೆ ಇದೆ. 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಗರ್ಭಿಣಿ ಮಧುಮೇಹ. ಇವಕ್ಕೆಲ್ಲ ಔಷಧಿ ಇದೆ, ಪರೀಕ್ಷೆ ಇದೆ. ಬೇಕಾದದ್ದು ಬೇಗ ಹೆಸರು ಬರೆಸುವುದು. ಮೂರು ತಿಂಗಳೊಳಗೆ ಆಸ್ಪತ್ರೆಗೆ ಹೋಗುವವಳಿಗೂ ಆರು ತಿಂಗಳಿಗೆ ಹೋಗುವವಳಿಗೂ ನಡುವಿನ ವ್ಯತ್ಯಾಸ ವೈದ್ಯಶಾಸ್ತ್ರದ್ದಲ್ಲ. ಅವಳಿಗೆ ರಜೆ ಕೊಡುವವರು ಯಾರು, ಕರೆದುಕೊಂಡು ಹೋಗುವವರು ಯಾರು ಅನ್ನುವುದರದ್ದು.

ಇಲ್ಲಿ ಒಂದು ಮುಖ್ಯ ಮಾತು. ಕೆಂಪು ಸ್ಟಿಕ್ಕರ್ ಇಲ್ಲದವಳು ಸುರಕ್ಷಿತ ಅಂತ ಅಂದುಕೊಳ್ಳುವುದು ತಪ್ಪು. ಹೆರಿಗೆಯಲ್ಲಿ ಬರುವ ದೊಡ್ಡ ತೊಂದರೆಗಳಲ್ಲಿ ಬಹುಪಾಲು ಎಲ್ಲವೂ ಚೆನ್ನಾಗಿದೆ ಅಂತ ಬರೆಸಿಕೊಂಡವರಿಗೇ ಬರುತ್ತವೆ, ಯಾಕೆಂದರೆ ಅಂಥವರ ಸಂಖ್ಯೆಯೇ ಜಾಸ್ತಿ. ಯಾರಿಗೆ ರಕ್ತಸ್ರಾವ ಆಗುತ್ತದೆ ಅಂತ ಮೊದಲೇ ನಿಖರವಾಗಿ ಹೇಳುವ ಪರೀಕ್ಷೆ ಇಲ್ಲ. ಹಾಗಾಗಿ ಅಪಾಯ ಯಾರಿಗೆ ಅನ್ನುವ ಪ್ರಶ್ನೆಯಷ್ಟೇ, ಅಪಾಯ ಬಂದರೆ ಇವಳು ಎಷ್ಟು ಹೊತ್ತಿಗೆ ಎಲ್ಲಿಗೆ ಮುಟ್ಟುತ್ತಾಳೆ ಅನ್ನುವ ಪ್ರಶ್ನೆಯೂ ದೊಡ್ಡದು.

ಆ ಲೆಕ್ಕ ಹಾಕಿ ನೋಡಿ. ಹೆರಿಗೆ ನಂತರದ ತೀವ್ರ ರಕ್ತಸ್ರಾವಕ್ಕೆ ಚಿಕಿತ್ಸೆ ಸಿಗದಿದ್ದರೆ ಎರಡು ಗಂಟೆಯಲ್ಲೇ ಪ್ರಾಣ ಹೋಗಬಹುದು. ಕಳಸದಿಂದ ಚಿಕ್ಕಮಗಳೂರಿಗೆ ಸುಮಾರು 90 ಕಿಲೋಮೀಟರ್, ಅದೂ ತಿರುವಿನ ರಸ್ತೆ. ಸಂಸೆ, ಹೊರನಾಡು ಕಡೆಯ ಒಳತೋಟಗಳಿಂದ ಟಾರ್ ರಸ್ತೆಗೆ ಬರುವುದೇ ಒಂದು ಪ್ರಯಾಣ. ಮೂಡಿಗೆರೆಯವರಿಗೆ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ದಾರಿ ಚಾರ್ಮಾಡಿ ಘಾಟಿ. ಸಕಲೇಶಪುರದವರಿಗೆ ಶಿರಾಡಿ. ಮಳೆಗಾಲದಲ್ಲಿ ಎರಡರಲ್ಲೂ ಗುಡ್ಡ ಕುಸಿಯುತ್ತದೆ. ಮರ ಬಿದ್ದರೆ ಕರೆಂಟ್ ಇಲ್ಲ, ಕರೆಂಟ್ ಇಲ್ಲದಿದ್ದರೆ ಟವರ್ ಇಲ್ಲ, ಟವರ್ ಇಲ್ಲದಿದ್ದರೆ 108ಕ್ಕೆ ಫೋನ್ ಹೋಗುವುದಿಲ್ಲ. ಆಲೂರು, ಸಕಲೇಶಪುರ, ಬೇಲೂರು ಕಡೆ ಕಾಡಾನೆ. ಸಂಜೆ ಆದಮೇಲೆ ತೋಟದ ದಾರಿಯಲ್ಲಿ ಗಾಡಿ ತರಲು ಡ್ರೈವರ್‌ಗಳೇ ಹಿಂಜರಿಯುತ್ತಾರೆ. ನೋವು ಶುರುವಾದರೆ ಬೆಳಕು ಹರಿಯಲಿ ಅಂತ ಕಾಯುತ್ತಾರೆ. ಇದನ್ನು ಅಜ್ಞಾನ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಆ ಕತ್ತಲಲ್ಲಿ ಆನೆ ಎದುರಾಗುವ ಭಯ ನಿಜವಾದದ್ದು.

ಮಳೆಗಾಲ ಒಂದು ಬಗೆಯ ಅಪಾಯವಾದರೆ ಕೊಯ್ಲಿನ ಕಾಲ ಇನ್ನೊಂದು ಬಗೆಯದು. ನವೆಂಬರ್‌ನಿಂದ ಜನವರಿವರೆಗೆ ಅರೇಬಿಕಾ, ಅಲ್ಲಿಂದ ಮಾರ್ಚ್‌ವರೆಗೆ ರೊಬಸ್ಟಾ. ಕೊಯ್ದ ಹಣ್ಣಿನ ಕೆಜಿ ಲೆಕ್ಕದಲ್ಲಿ ದುಡ್ಡು ಸಿಗುವ ಕಾಲ. ಕೂಲಿ ಮನೆಗೆ ವರ್ಷದ ಸಾಲ ತೀರಿಸಲು ಸಿಗುವ ಅವಕಾಶವೇ ಅದು. ಏಳು ತಿಂಗಳ ಬಸುರಿಯೂ ಇಳಿಜಾರಿನಲ್ಲಿ ನಿಂತು ಹಣ್ಣು ಕೊಯ್ಯುತ್ತಾಳೆ, ಮೂಟೆ ಎಳೆಯುತ್ತಾಳೆ. ಗಂಟೆಗಟ್ಟಲೆ ನಿಂತು ಮಾಡುವ ಕೆಲಸಕ್ಕೂ ಭಾರ ಎತ್ತುವುದಕ್ಕೂ ಅವಧಿಗೆ ಮುಂಚಿನ ಹೆರಿಗೆಗೂ ಸಂಬಂಧ ಇದೆ. ತಪಾಸಣೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಹೋದ ಗಂಡನದ್ದೂ ಹೋಯಿತು. ಆಸ್ಪತ್ರೆ ಪುಕ್ಕಟೆ ಅನ್ನುತ್ತೇವೆ. ಅವಳಿಗೆ ಅದು ಪುಕ್ಕಟೆ ಅಲ್ಲ.

ಕಾನೂನು ಇಲ್ಲವೇ? ಇದೆ. ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ 80 ದಿನ ಒಂದೇ ಕಡೆ ದುಡಿದವಳಿಗೆ ಸಂಬಳ ಸಹಿತ ಹೆರಿಗೆ ರಜೆ ಸಿಗಬೇಕು. ಮೊದಲೆರಡು ಮಕ್ಕಳಿಗೆ 26 ವಾರ. ತೋಟಗಳಲ್ಲಿ ಮನೆ, ಔಷಧಿ, ಮಕ್ಕಳನ್ನು ನೋಡಿಕೊಳ್ಳುವ ಜಾಗ ಇರಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಆದರೆ ಅದು ಐದು ಹೆಕ್ಟೇರ್‌ಗಿಂತ ಚಿಕ್ಕ ತೋಟಗಳನ್ನು ಹೊರಗೆ ಬಿಟ್ಟಿತ್ತು. ನಮ್ಮ ಬೆಳೆಗಾರರಲ್ಲಿ ಬಹುಪಾಲು ಸಣ್ಣವರೇ. ಮೇಸ್ತ್ರಿ ಕರೆದುಕೊಂಡು ಬಂದ ಹೆಣ್ಣಾಳು ಈ ತಿಂಗಳು ಒಂದು ತೋಟ, ಮುಂದಿನ ತಿಂಗಳು ಇನ್ನೊಂದು ತೋಟ ಅಂತ ದುಡಿದರೆ 80 ದಿನದ ಲೆಕ್ಕ ಯಾರ ಪುಸ್ತಕದಲ್ಲಿ ಇರುತ್ತದೆ? ಈ ವಿಷಯದಲ್ಲಿ ಬೆಳೆಗಾರರ ಸಂಘಗಳು ಬಾಯಿ ಬಿಡಬೇಕು. ಅವರ ಹಣ್ಣು ಒಣಗುವುದು ಈ ಹೆಂಗಸರ ಕೈಯಿಂದಲೇ.

ಈಗಂತೂ ಲೈನ್ ಮನೆಗಳಲ್ಲಿ ಅಸ್ಸಾಂ, ಬಂಗಾಳದಿಂದ ಬಂದ ಕುಟುಂಬಗಳೂ ಇವೆ. ಅವರ ಮಾತು ಆಶಾ ಕಾರ್ಯಕರ್ತೆಗೆ ಬರುವುದಿಲ್ಲ, ಇವಳ ಮಾತು ಅವರಿಗೆ ತಿಳಿಯುವುದಿಲ್ಲ. ಕಾರ್ಡ್ ಇದ್ದರೆ ಊರಲ್ಲಿ ಉಳಿದಿರುತ್ತದೆ. ರಕ್ತದ ಗುಂಪು ಯಾವುದು, ಹಿಂದಿನ ಹೆರಿಗೆ ಹೇಗಾಯಿತು, ಏನೂ ಗೊತ್ತಿಲ್ಲದೆ ನೋವು ಬಂದಾಗಲೇ ಮೊದಲ ಸಲ ಆಸ್ಪತ್ರೆ ಕಾಣುವವರು ಇವರು. ಕಡೂರು, ತರೀಕೆರೆ, ಅರಸೀಕೆರೆಯ ಬಯಲುಸೀಮೆ ಕಡೆಯ ಕಷ್ಟ ಬೇರೆ. ಅಲ್ಲಿ ರಸ್ತೆ ಇದೆ. ನೀರು ಹೊರುವುದು, ಬರ, ಗುಳೆ ಅಲ್ಲಿನ ಬಸುರಿಯ ಮೈ ಸವೆಸುತ್ತವೆ.

ಇನ್ನು ಚಿಕ್ಕ ವಯಸ್ಸಿನ ಬಸುರು. ರಾಜ್ಯದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ನೂರಕ್ಕೆ 21 ಜನರ ಮದುವೆ 18 ತುಂಬುವ ಮೊದಲೇ ಆಗಿದೆ ಅಂತ 2019–21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹದಿಹರೆಯದ ತಾಯಿಗೆ ಬಿಪಿ ಏರುವುದು, ಮಗು ಬೇಗ ಹುಟ್ಟುವುದು, ತೂಕ ಕಡಿಮೆ ಇರುವುದು ಎಲ್ಲ ಜಾಸ್ತಿ. ಅವಳ ಮೈಯೇ ಇನ್ನೂ ಬೆಳೆಯುತ್ತಿರುತ್ತದೆ. ಇಲ್ಲಿ ಒಂದು ಇಕ್ಕಟ್ಟಿದೆ. 18 ತುಂಬದ ಹುಡುಗಿ ಬಸುರಿ ಅಂತ ಗೊತ್ತಾದರೆ ಆಸ್ಪತ್ರೆಯವರು ಪೋಕ್ಸೋ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ಕಾಪಾಡಲು ಮಾಡಿದ ಕಾನೂನು, ಅದು ಬೇಕು. ಆದರೆ ಗಂಡ, ಅಪ್ಪ ಜೈಲಿಗೆ ಹೋಗುತ್ತಾರೆ ಅನ್ನುವ ಹೆದರಿಕೆಯಲ್ಲಿ ಮನೆಯವರು ವಯಸ್ಸು ಸುಳ್ಳು ಹೇಳುತ್ತಾರೆ, ಇಲ್ಲವೇ ತಪಾಸಣೆಗೇ ಕಳಿಸುವುದಿಲ್ಲ. ಎಲ್ಲರಿಗಿಂತ ಹೆಚ್ಚು ಆರೈಕೆ ಬೇಕಾದವಳು ಎಲ್ಲರಿಗಿಂತ ಕೊನೆಗೆ ಬರುತ್ತಾಳೆ. ಹುಡುಗಿಯ ಚಿಕಿತ್ಸೆ ನಿಲ್ಲುವುದಿಲ್ಲ ಅನ್ನುವ ಭರವಸೆಯನ್ನು ಆಶಾ ಕಾರ್ಯಕರ್ತೆ ಬಾಯಿಬಿಟ್ಟು ಹೇಳುವ ಹಾಗಾಗಬೇಕು.

ಇಷ್ಟೆಲ್ಲ ದಾಟಿ ಆಸ್ಪತ್ರೆ ಮುಟ್ಟಿದ ಮೇಲೆ? ಅಲ್ಲೂ ತಡ ಆಗುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ವೈದ್ಯರಿದ್ದು ಅರಿವಳಿಕೆ ವೈದ್ಯರು ರಜೆ ಇದ್ದರೆ ಆಪರೇಷನ್ ಇಲ್ಲ. ಇಬ್ಬರೂ ಇದ್ದು ಬೇಕಾದ ಗುಂಪಿನ ರಕ್ತ ಇಲ್ಲದಿದ್ದರೆ ಮತ್ತೆ ಹಾಸನಕ್ಕೋ ಚಿಕ್ಕಮಗಳೂರಿಗೋ ಓಟ. ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ ಫ್ರಿಜ್‌ನಲ್ಲೇ ಇರಬೇಕು. ವಾರಗಟ್ಟಲೆ ಕರೆಂಟ್ ಕಣ್ಣುಮುಚ್ಚಾಲೆ ಆಡುವ ಕಡೆ ಅದರ ಶಕ್ತಿ ಉಳಿಯುವುದು ಅನುಮಾನ. ಇದಕ್ಕೆ ಒಂದು ದಾರಿ ನಮ್ಮ ರಾಜ್ಯದಲ್ಲೇ ಕಂಡಿದೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆರಿಗೆ ಆದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದಾಗ ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಆ ಮಾತ್ರೆಗೆ ಫ್ರಿಜ್ ಬೇಡ. ಇನ್ನೊಂದು ಕಡೆ ಸಿಸೇರಿಯನ್ ಏರುತ್ತಲೇ ಇದೆ. 2019–21ರ ಸಮೀಕ್ಷೆಯಲ್ಲೇ ರಾಜ್ಯದಲ್ಲಿ ಅದು ನೂರಕ್ಕೆ 31 ದಾಟಿತ್ತು. ಬೇಕಾದವಳಿಗೆ ಅದು ಜೀವ ಉಳಿಸುತ್ತದೆ. ಬೇಡದವಳಿಗೆ ಮಾಡಿದರೆ ಮುಂದಿನ ಬಸುರಿನಲ್ಲಿ ಮಾಸು ಹಳೆ ಗಾಯಕ್ಕೆ ಅಂಟಿಕೊಳ್ಳುವ ಅಪಾಯ ತಂದಿಡುತ್ತದೆ.

ಹಾಗಾದರೆ ಮಾಡಬಹುದಾದದ್ದು ಏನು? ದಿನ ತುಂಬುವ ತಿಂಗಳನ್ನು ಮೊದಲ ತಪಾಸಣೆಯಲ್ಲೇ ಅಪಾಯದ ಲೆಕ್ಕಕ್ಕೆ ಸೇರಿಸಬೇಕು. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ದಿನ ತುಂಬುವ, ಒಳತೋಟದಲ್ಲಿರುವ ಪ್ರತಿಯೊಬ್ಬಳನ್ನೂ ಒಂದು ವಾರ ಮುಂಚೆ ಆಸ್ಪತ್ರೆಯ ಹತ್ತಿರ ಕರೆತಂದು ಇರಿಸಬೇಕು. ಒಡಿಶಾದ ಗುಡ್ಡಗಾಡಿನಲ್ಲಿ ‘ಮಾ ಗೃಹ’ ಅಂತ ಹೆರಿಗೆಗೆ ಕಾಯುವ ಮನೆಗಳನ್ನು ಸರ್ಕಾರವೇ ನಡೆಸುತ್ತಿದೆ. ಕಳಸ, ಕೊಪ್ಪ, ಮೂಡಿಗೆರೆ, ಸಕಲೇಶಪುರಕ್ಕೆ ಅಂಥದ್ದು ಒಂದೊಂದು ಬೇಕು. ರಕ್ತ ತೀರಾ ಕಡಿಮೆ ಇದ್ದು ದಿನ ಹತ್ತಿರ ಬಂದವರಿಗೆ ನರದ ಮೂಲಕ ಕಬ್ಬಿಣದ ಅಂಶ ಕೊಡುವ ಡ್ರಿಪ್ ಇದೆ. ಒಂದೆರಡು ಸಲ ಕೊಟ್ಟರೆ ಮಾತ್ರೆಗಿಂತ ಬೇಗ ಫಲ ಕೊಡುತ್ತದೆ. ಅದನ್ನು ಕೊಯ್ಲು ಶುರುವಾಗುವ ಮುಂಚೆ, ಅಕ್ಟೋಬರ್ ಒಳಗೆ ಮುಗಿಸಿದರೆ ಅವಳ ಕೂಲಿಯೂ ಉಳಿಯುತ್ತದೆ.

ಕೊನೆಯದಾಗಿ ತವರಿನ ವಿಷಯ. ಚೊಚ್ಚಲ ಹೆರಿಗೆ ತವರಿನಲ್ಲಿ ಅನ್ನುವುದು ನಮ್ಮಲ್ಲಿ ಬಿಡಲಾಗದ ಪದ್ಧತಿ. ಪ್ರೀತಿಯ ಪದ್ಧತಿ ಕೂಡ. ಆದರೆ ಏಳನೇ ತಿಂಗಳಲ್ಲಿ ಸೀಮಂತ ಮಾಡಿಸಿಕೊಂಡು ಬೇಲೂರಿನ ಹುಡುಗಿ ಕೊಪ್ಪದ ಗಂಡನ ಮನೆಯಿಂದ ಹೊರಟಾಗ, ಏಳು ತಿಂಗಳು ಅವಳನ್ನು ನೋಡಿದ ಆಶಾ ಕಾರ್ಯಕರ್ತೆ, ನರ್ಸ್, ವೈದ್ಯರು ಎಲ್ಲರೂ ಹಿಂದೆ ಉಳಿಯುತ್ತಾರೆ. ಹೆರಿಗೆಯ ನಂತರ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಗಂಡನ ಮನೆಯ ಊರಿನವಳಿಗೆ ಇವಳು ಹೋಗಿದ್ದು ಎಲ್ಲಿಗೆ ಅಂತ ಗೊತ್ತಿರುವುದಿಲ್ಲ. ತವರಿನ ಊರಿನವಳಿಗೆ ಇವಳು ಬಂದಿದ್ದೇ ಗೊತ್ತಿರುವುದಿಲ್ಲ. ತಾಯಿಯ ಸಾವುಗಳಲ್ಲಿ ಬಹಳಷ್ಟು ಆಗುವುದು ಹೆರಿಗೆ ಆದ ಮೊದಲ ವಾರದಲ್ಲೇ. ಜ್ವರ, ವಾಸನೆ ಬರುವ ಸ್ರಾವ, ಬಟ್ಟೆ ಮೇಲೆ ಬಟ್ಟೆ ನೆನೆಸುವ ರಕ್ತ, ತಲೆನೋವು, ಉಬ್ಬಸ, ಒಂದೇ ಕಾಲಿನ ಊತ ಕಂಡರೆ ಬಾಣಂತಿ ಕೋಣೆಯಲ್ಲಿ ಕಷಾಯ ಕೊಟ್ಟು ಕಾಯಬಾರದು. ನೀರು ಕಡಿಮೆ ಕೊಡುವುದು, ಬರೀ ಅನ್ನ ಸಾರು ಹಾಕುವುದು ಕೂಡ ಬೇಡ. ಸೀಮಂತದ ಸೀರೆ ತರುವ ವಾರವೇ, ತವರೂರಿನ ಆಶಾ ಕಾರ್ಯಕರ್ತೆಯ ಫೋನ್ ನಂಬರ್ ಕೇಳಿ ತಾಯಿ ಕಾರ್ಡಿನ ಮೇಲೆ ಬರೆಸಿಕೊಳ್ಳಿ. ಹೊರಡುವ ಮುಂಚೆ ಇಬ್ಬರು ಕಾರ್ಯಕರ್ತೆಯರೂ ಒಂದು ಸಲ ಫೋನಿನಲ್ಲಿ ಮಾತಾಡಿಕೊಳ್ಳುವ ಹಾಗೆ ಮಾಡಿ.